ಮುಂದಿನ ತಿರುಪಿನಿಂದ ಹಿಂದಿನ ಗಾಲಿಯವರೆಗೆ

ಹೊಲಿಗೆ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸ್ಟೋರಕ್ಕ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು. ಅಪ್ಪನ ವಯಸ್ಸಿನವರು ಕೂಡ ಸ್ಟೋರಿನ ಕಿಟಕಿಗೆ ಬಂದು, "ಅಕ್ಕಾ, ಮೂರನೇ ನಂಬರ್ ತಿರುಪು ಒಂದು ಹಿಡಿ ಕೊಡಿ" ಅಂದಾಗ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಅದೇ ಹೆಸರು ಮೈಗಂಟಿತು. ಮೂರು ವರ್ಷ ಕಳೆಯುವಷ್ಟರಲ್ಲಿ, ಕಣ್ಣು ಮುಚ್ಚಿ ಡಬ್ಬಿಗೆ ಕೈ ಹಾಕಿದರೂ ಯಾವ ತಿರುಪು, ಯಾವ ಸ್ಪ್ರಿಂಗು ಎಂದು ಬೆರಳೇ ಹೇಳುತ್ತಿತ್ತು.

ನಾಲ್ಕನೇ ವರ್ಷ ಯಜಮಾನರಿಗೆ ಹೊಸ ಕ್ಯಾಟಲಾಗ್ ಮಾಡಿಸುವ ಹುಮ್ಮಸ್ಸು ಬಂತು. ಒಂದು ಸೋಮವಾರ ಬೆಳಿಗ್ಗೆ ಫೋಟೋದವರು ಬಂದರು. ಕಡ್ಡಿಯಂಥ ಆಳು, ಐವತ್ತರ ಆಸುಪಾಸು, ಮಾತು ಕಡಿಮೆ. ಅವರ ಕ್ಯಾಮೆರಾ ಒಂದು ಸಣ್ಣ ಪೆಟ್ಟಿಗೆಯಷ್ಟಿತ್ತು. ಮುಂದೆ ಲೆನ್ಸು, ಹಿಂದೆ ಮಸುಕು ಗಾಜು, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ. ದಿನವಿಡೀ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಅದರ ಹಿಂದೆ ಬಗ್ಗಿ ನಿಂತಿರುತ್ತಿದ್ದರು. ಮೊದಲ ದಿನ ಮಧ್ಯಾಹ್ನದೊಳಗೇ ಕಾರ್ಖಾನೆಯ ಹುಡುಗಿಯರೆಲ್ಲ ಸೇರಿ ಅವರಿಗೆ 'ಮುಸುಕಿನ ಮಾಮ' ಎಂದು ಹೆಸರಿಟ್ಟಾಗಿತ್ತು.

ಯಜಮಾನರು ಹೇಳಿದ್ದು ಒಂದೇ ಮಾತು. "ಅರವತ್ತನಾಲ್ಕು ಭಾಗವೂ ಒಂದೇ ಫೋಟೋದಲ್ಲಿ ಬರಬೇಕು. ಮುಂದಿನ ತಿರುಪಿನಿಂದ ಹಿಂದಿನ ಗಾಲಿಯವರೆಗೆ ಒಂದೂ ಮಸುಕಾಗಿರಬಾರದು."

ಯಾವುದರ ಪಕ್ಕ ಯಾವುದು ಇಡಬೇಕೆಂದು ಗೊತ್ತಿದ್ದದ್ದು ಸ್ಟೋರಕ್ಕನಿಗೆ ಮಾತ್ರ. ಹಾಗಾಗಿ ಜೋಡಿಸುವ ಕೆಲಸ ಅವಳ ಪಾಲಿಗೆ ಬಂತು. ಅವಳು ಒಮ್ಮೆ ಮುಸುಕಿನೊಳಗೆ ತಲೆ ತೂರಿಸಿ ಗಾಜು ನೋಡಿ ಬೆಚ್ಚಿಬಿದ್ದಳು.

"ಅಯ್ಯೋ, ನಮ್ಮ ಗಾಲಿ ತಲೆಕೆಳಗಾಗಿ ನೇತಾಡ್ತಿದೆ!"

"ಇದರಲ್ಲಿ ಎಲ್ಲಾ ಹಾಗೇ ಕಾಣೋದಮ್ಮ" ಅಂದರು ಮುಸುಕಿನ ಮಾಮ. "ತಲೆಕೆಳಗಾದ್ರೆ ಪರವಾಗಿಲ್ಲ. ಮಬ್ಬಾದ್ರೇ ಕಷ್ಟ."

ಕಷ್ಟವೇ ಆಯಿತು. ತಿರುಪು ಸ್ಪಷ್ಟ ಮಾಡಿದರೆ ಗಾಲಿ ಹೊಗೆಯಲ್ಲಿ ಮುಳುಗುತ್ತಿತ್ತು, ಗಾಲಿ ಹಿಡಿದರೆ ತಿರುಪು ಕರಗಿಹೋಗುತ್ತಿತ್ತು. ಇಷ್ಟು ಹತ್ತಿರದಿಂದ ತೆಗೆದರೆ ಸ್ಪಷ್ಟತೆ ಅನ್ನುವುದು ಒಂದು ಗೇಣೂ ದಾಟುವುದಿಲ್ಲ ಅಂದರು ಅವರು. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡುತ್ತ ಹೋದರೆ ಅದು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಹರಡುತ್ತದೆ. ತೀರಾ ಸೂಜಿಮೊನೆಯಷ್ಟು ಮಾಡಿಬಿಟ್ಟರೆ ಎಲ್ಲವೂ ಸಮಸಮವಾಗಿ ಮಂಕಾಗುತ್ತದೆ. ಎರಡು ದಿನ ಹಾಳಾಯಿತು. ಮೂರನೇ ದಿನ ಅವರು ತಲೆಗೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತಾಗ ಸ್ಟೋರಕ್ಕ ಕ್ಯಾಮೆರಾದ ಸುತ್ತ ಒಂದು ಸುತ್ತು ಹಾಕಿದಳು. ಲೆನ್ಸು ಕೂತ ಹಲಗೆಯ ಎರಡೂ ಬದಿ ಒಂದೊಂದು ಹಿತ್ತಾಳೆ ತಿರುಗಣೆ ಇತ್ತು.

"ಮಾಮ, ಇದು ಯಾಕೆ?"

"ಹಲಗೆ ಅಲ್ಲಾಡದ ಹಾಗೆ ಬಿಗಿ ಮಾಡೋಕೆ. ನಾನು ತೆಗೆಯೋದು ಗುಂಪು ಫೋಟೋ, ಕಟ್ಟಡ. ಅದನ್ನ ಸಡಿಲಿಸಿದ್ದೇ ಇಲ್ಲ."

"ಅಲ್ಲ, ಸಾಮಾನೆಲ್ಲ ಮೇಜಿನ ಮೇಲೆ ಮಲಗಿದೆ. ಇದು ಮಾತ್ರ ಗೋಡೆ ನೋಡ್ಕೊಂಡು ಸೆಟೆದು ನಿಂತಿದೆ. ಒಂಚೂರು ತಲೆ ಬಗ್ಗಿಸಬಾರದಾ?"

ಮಾಮ ನಕ್ಕರು. ನಗುತ್ತಲೇ ಎದ್ದು ತಿರುಗಣೆ ಸಡಿಲಿಸಿ ಲೆನ್ಸನ್ನು ಮೇಜಿನ ಕಡೆ ಕೂದಲೆಳೆಯಷ್ಟು ಬಾಗಿಸಿದರು, ಮುಸುಕು ಹೊದ್ದರು. ಆಮೇಲೆ ಒಳಗಿಂದ, "ಬಾರಮ್ಮ, ನೋಡು ಬಾ" ಅನ್ನುವ ದನಿ ಬಂತು. ಗಾಜಿನ ಮೇಲೆ ಸ್ಪಷ್ಟತೆ ಚಾಪೆ ಬಿಚ್ಚಿದ ಹಾಗೆ ಮೇಜಿನುದ್ದಕ್ಕೂ ಹಾಸಿಕೊಂಡಿತ್ತು. ಗಾಲಿಯ ನೆತ್ತಿ ಮಾತ್ರ ಮಬ್ಬಾಗಿತ್ತು. ಅದಕ್ಕೆ ಕಿಂಡಿ ಹದವಾಗಿ ಕಿರಿದು ಮಾಡಿದರೆ ಸಾಕಿತ್ತು.

ಆದರೆ ಕಿರಿದಾದ ಕಿಂಡಿಯಿಂದ ಬೆಳಕು ಬರುವುದು ತೊಟ್ಟು ತೊಟ್ಟಾಗಿ. ಲೆನ್ಸನ್ನು ಆರು ನಿಮಿಷ ತೆರೆದೇ ಇಡಬೇಕಾಗಿತ್ತು. ಗೋಡೆಯಾಚೆ ಲೋಹ ಕಡೆಯುವ ಮೂವತ್ತು ಲೇತುಗಳು ಗಿರ್ರೆಂದು ತಿರುಗುತ್ತಿದ್ದವು, ನೆಲ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ಮರುದಿನ ತೊಳೆದ ನೆಗೆಟಿವಿನಲ್ಲಿ ಪ್ರತಿ ತಿರುಪಿಗೂ ಅವಳಿ ಹುಟ್ಟಿತ್ತು. ಊಟದ ಬಿಡುವಿನಲ್ಲಿ ತೆಗೆಯೋಣವೆಂದರೆ, ದೊಡ್ಡ ಆರ್ಡರ್ ಬಂದು ಜನ ಸರದಿಯಲ್ಲಿ ಊಟಕ್ಕೆ ಹೋಗುತ್ತಿದ್ದ ತಿಂಗಳು ಅದು. ಲೇತ್ ನಿಲ್ಲುತ್ತಲೇ ಇರಲಿಲ್ಲ.

"ಫೋಟೋಗೋಸ್ಕರ ಮಿಷನ್ ನಿಲ್ಲಿಸೋದಾ? ತಮಾಷೆನಾ?" ಎಂದರು ಮ್ಯಾನೇಜರು.

ಸ್ಟೋರಕ್ಕ ನೇರ ಲೇತ್ ಮೇಸ್ತ್ರಿಯ ಹತ್ತಿರ ಹೋದಳು. ಗುಡುಗಿನಂಥ ದನಿ, ಮೂಗಿನ ತುದಿಯಲ್ಲೇ ಸಿಟ್ಟು. ಹೊಸಬರು ಅವನ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದರು. ಅವಳು ವಿಷಯ ಹೇಳಿ ಮುಗಿಸುವವರೆಗೂ ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದ.

"ಎಷ್ಟು ಹೊತ್ತು?"

"ಆರು ನಿಮಿಷ. ಯಾರೂ ನಡೆದಾಡಲೂ ಬಾರದು."

"ದಿನಾ ಒಂದೊಂದಾಗಿ ಮಿಷನ್ನಿಗೆ ಎಣ್ಣೆ ಬಿಡ್ತೀವಿ. ಇವತ್ತು ಎಲ್ಲಕ್ಕೂ ಒಟ್ಟಿಗೇ ಬಿಡ್ತೀವಿ. ಎಣ್ಣೆ ಹಾಕೋಕೆ ಯಾರಪ್ಪನ ಅಪ್ಪಣೆ ಬೇಕು?"

ಹನ್ನೊಂದೂವರೆಗೆ ಲೇತಿನ ಬೆಲ್ಟುಗಳು ಒಂದೊಂದಾಗಿ ನಿಂತವು. ಮೂರು ವರ್ಷದಲ್ಲಿ ಆ ಕಟ್ಟಡ ಸುಮ್ಮನಿದ್ದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಮಾಮ ಲೆನ್ಸಿನ ಮುಚ್ಚಳ ತೆಗೆದರು. ಅವಳು ಗಡಿಯಾರದಲ್ಲಿ ಕಣ್ಣು ನೆಟ್ಟಳು. ಬಾಗಿಲ ಸಂದಿಯಲ್ಲಿ ಲೇತಿನ ಸಾಲು ಕಾಣುತ್ತಿತ್ತು. ಎಣ್ಣೆ ಕುಡಿಕೆ ಹಿಡಿದವರು ಹಿಡಿದಂತೆ, ಕೂತವರು ಕೂತಂತೆ. ಮೂರನೇ ನಿಮಿಷಕ್ಕೆ ಯಾರಿಗೋ ಸೀನು ಬಂತು. ಪಕ್ಕದವನು ಅವನ ಮೂಗು ಗಟ್ಟಿಯಾಗಿ ಹಿಡಿದುಬಿಟ್ಟ. ಇಬ್ಬರ ಭುಜವೂ ನಗುವಿಗೆ ಕುಲುಕುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಗುಡುಗಿನ ಮೇಸ್ತ್ರಿ ಎದೆಯ ಮೇಲೆ ಕೈಕಟ್ಟಿ, ಶಾಲೆಯ ಹುಡುಗನ ಹಾಗೆ ಗೋಡೆಗೆ ಒರಗಿ ನಿಂತಿದ್ದ. ತನಗಾಗಿ ಇಷ್ಟು ಜನ ಉಸಿರು ಹಿಡಿದಿದ್ದಾರೆ ಅನ್ನಿಸಿ ಅವಳ ಕಣ್ಣು ಗಡಿಯಾರ ಬಿಟ್ಟು ಮತ್ತೆ ಮತ್ತೆ ಅವರ ಕಡೆಗೇ ಹೋಯಿತು.

"ಸಾಕು" ಅಂದರು ಮಾಮ. ಗೋಡೆಯಾಚೆ ನಗೆ ಭರ್ರೆಂದು ಸಿಡಿಯಿತು. ಸೀನಿನವನು ಒಂದರ ಹಿಂದೊಂದು ಏಳು ಸಲ ಸೀನಿದ.

ಪ್ರಿಂಟು ಬಂದ ದಿನ ಮೇಸ್ತ್ರಿ ಭೂತಗನ್ನಡಿ ಇಸಿದುಕೊಂಡು ಅದರ ಮೇಲೆ ಬಗ್ಗಿದ. ಗಾಲಿಯ ಪಕ್ಕ, ಎಲ್ಲಕ್ಕಿಂತ ಹಿಂದೆ ಒಂದು ಬೋಲ್ಟು ಇತ್ತು. ಅದರ ಸುರುಳಿಗಳನ್ನು ಬೆರಳಿಟ್ಟು ಎಣಿಸಿದ. ಹದಿನಾಲ್ಕು.

"ಇದು ನಾನು ಕಡೆದಿದ್ದು" ಅಂದ. ಗುಡುಗು ಎಲ್ಲಿಗೋ ಹೋಗಿತ್ತು. "ಹತ್ತೊಂಬತ್ತು ವರ್ಷದಿಂದ ಕಡೀತಿದೀನಿ. ಒಂದನ್ನೂ ಹೀಗೆ ಕೂತು ನೋಡಿರಲಿಲ್ಲ."

ಹೊರಡುವ ದಿನ ಮಾಮ ಮುಸುಕಿನ ಬಟ್ಟೆ ಮಡಿಸುತ್ತ, "ನನ್ನ ಸ್ಟುಡಿಯೋಗೆ ಬರ್ತೀಯೇನಮ್ಮ?" ಎಂದು ಕೇಳಿದರು. ಮನೆಯಲ್ಲಿ ಅಮ್ಮ ಕೆಂಡವಾದಳು. "ನೆರಳಲ್ಲಿ ಕೂತು ಮಾಡೋ ಕೆಲಸ ಬಿಟ್ಟು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸ್ತಾಳಂತೆ!" ತಮ್ಮ ಮಾತ್ರ, "ಹೋಗಲಿ ಬಿಡಮ್ಮ, ಅದೂ ನೆರಳೇ ತಾನೆ" ಎಂದು ಅಮ್ಮನನ್ನು ನಗಿಸಿ ದಾರಿ ಮಾಡಿಕೊಟ್ಟ.

ಹತ್ತು ವರ್ಷ ಮಾಮನ ಜೊತೆ, ಅವರು ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಮೂವತ್ತು ವರ್ಷ ತಾನೊಬ್ಬಳೇ. ಬೀಗದ ಕೈ, ಬಾಚಣಿಗೆ, ಗುಂಡಿ, ಔಷಧಿ ಬಾಟಲಿ, ಗಡಿಯಾರದ ಹೊಟ್ಟೆಯೊಳಗಿನ ಹಲ್ಲುಚಕ್ರ, ಎಲ್ಲ ಅವಳ ಮೇಜಿಗೆ ಬಂದುಹೋದವು. ಸುದ್ದಿಯಾಗುವಂಥ ಚಿತ್ರ ಒಂದೂ ಇಲ್ಲ. ಯಾವ ಕ್ಯಾಟಲಾಗಿನಲ್ಲೂ ಅವಳ ಹೆಸರು ಅಚ್ಚಾಗಲಿಲ್ಲ. ನಡುವೆ ಕಾರ್ಖಾನೆ ಮುಚ್ಚಿತು. ಮೇಸ್ತ್ರಿ ತೀರಿಕೊಂಡ ಸುದ್ದಿ ಆರು ತಿಂಗಳು ತಡವಾಗಿ ಬಂತು. ಅಂದು ಅವಳು ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮನೆಗೆ ನಡೆದಳು.

ಈಗ ಅವಳಿಗೆ ಅರವತ್ತೊಂಬತ್ತು. ಅವಳ ಹಳೆಯ ಸ್ಟುಡಿಯೋ ಕೋಣೆಯಲ್ಲಿ ತಮ್ಮನ ಮಗಳು ಕೆಲಸ ಮಾಡುತ್ತಾಳೆ. ಆನ್‌ಲೈನ್ ಅಂಗಡಿಗಳಿಗೆ ಓಲೆ, ಉಂಗುರಗಳ ಚಿತ್ರ. ಕ್ಯಾಮೆರಾ ಕೂದಲೆಳೆ ಕೂದಲೆಳೆಯಾಗಿ ಮುಂದೆ ಸರಿಯುತ್ತ ನಲವತ್ತು ಚಿತ್ರ ತೆಗೆಯುತ್ತದೆ. ಒಂದೊಂದರಲ್ಲಿ ಸ್ಪಷ್ಟವಾಗಿರುವ ಚೂರನ್ನಷ್ಟೇ ಆರಿಸಿ ಕಂಪ್ಯೂಟರು ಒಂದಾಗಿ ಹೊಲಿಯುತ್ತದೆ.

"ನೋಡಿ ಅತ್ತೆ, ಹತ್ತು ನಿಮಿಷಕ್ಕೆ ಆಯ್ತು."

ಅತ್ತೆ ಕನ್ನಡಕ ಏರಿಸಿ ನೋಡಿದಳು. ಓಲೆಯ ಹಿಂಬದಿಯ ಬೆಸುಗೆಯೂ ಹೊಳೆಯುತ್ತಿತ್ತು. ಮೆಚ್ಚುಗೆಯಿಂದ ತಲೆದೂಗಿದಳು, ಸುಳ್ಳು ಮೆಚ್ಚುಗೆಯಲ್ಲ.

"ನಿಮ್ಮ ಕಾಲದಲ್ಲಿ ಇದಿದ್ದಿದ್ರೆ ಎಷ್ಟು ಸುಲಭ ಇರ್ತಿತ್ತು, ಅಲ್ವಾ?"

"ಸುಲಭ ಇರ್ತಿತ್ತು" ಅಂದಳು. "ಆದರೆ ಆ ಜನರನ್ನೆಲ್ಲ ನಾನು ಯಾವಾಗ ಅಷ್ಟು ಹೊತ್ತು ನೋಡ್ತಿದ್ದೆ?"

ಹುಡುಗಿ ಕಂಪ್ಯೂಟರಿನ ಮೌಸ್ ಬಿಟ್ಟು ಕುರ್ಚಿ ತಿರುಗಿಸಿ ಕೂತಳು. "ಯಾವ ಜನ? ಹೇಳಿ ಅತ್ತೆ."

ಅತ್ತೆ ಹೇಳತೊಡಗಿದಳು. ಅಂದು ಓಲೆಯ ಕೆಲಸ ಅಲ್ಲಿಗೇ ನಿಂತಿತು.