ಸೆರ್ಪಿನ್ ಬಾಯಿಯ ಬೆಸಾಂವ್

ಕುಂದಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದ ಲಾದ್ರುವಿನಷ್ಟು ದೈವಭಕ್ತ ಇನ್ನೊಬ್ಬನಿಲ್ಲ ಎಂದು ಇಗರ್ಜಿಯ ಜನರೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ, ಅವರಾರೂ ಅವನೊಟ್ಟಿಗೆ ಸಂಸಾರ ಮಾಡಬೇಕಿರಲಿಲ್ಲವಲ್ಲ! ಮಾಡುತ್ತಿದ್ದವಳು ಬೈಂದೂರಿನಿಂದ ಮದುವೆಯಾಗಿ ಬಂದ ಸೆರ್ಪಿನ್ ಬಾಯಿ.

ಮಕ್ಕಳ ಬೆರಳು ಹಿಡಿದು ಶಿಲುಬೆಯ ಗುರುತು ಕಲಿಸಿದ್ದು ಅವಳು. ಗಂಜಿ ಉಣಿಸುತ್ತ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದ್ದು ಅವಳು. ಸೀಮೆಎಣ್ಣೆ ಕಣ್ಣಿಗೂ ಬೀಳದ ಎರಡನೇ ಮಹಾಯುದ್ಧದ ಕಾಲದಲ್ಲಿ ತಲೆಗೆ ಹಚ್ಚುವ ಎಣ್ಣೆ ಉಳಿಸಿ ಮನೆಯ ಅಲ್ತಾರಿನ, ಅಂದರೆ ದೇವರ ಪೀಠದ, ದೀಪ ಉರಿಸಿದ್ದೂ ಅವಳೇ. ಇಗರ್ಜಿಯ ಪಾದ್ರಿ ವಿಗಾರರು ಮನೆಗೆ ಬಂದಾಗ ತಟ್ಟಿದ್ದು ಮಾತ್ರ ಲಾದ್ರುವಿನ ಬೆನ್ನು.

ಅವನ ಭಕ್ತಿಯೆಲ್ಲ ಗಂಟಲಲ್ಲಿತ್ತು. ಸಂಜೆ ಮನೆಮಂದಿ ಜಪಮಾಲೆ ಹಿಡಿದು ತೇರ್ಸಿಗೆ ಮೊಣಕಾಲೂರಿದರೆ ಅವನ ಸ್ವರ ಬೀದಿಗೆ ಕೇಳಬೇಕು. ನಡುವೆ ತೂಕಡಿಸುತ್ತಿದ್ದ, ಅದು ಬೇರೆ ಮಾತು. ಕೊನೆಯಲ್ಲಿ ಇಂಥವರಿಗಾಗಿ ಬೇಡೋಣ ಎನ್ನುವ ಸರದಿ ಬಂದಾಗ ಮಹಾಶಯನಿಗೆ ಥಟ್ಟನೆ ಎಚ್ಚರವಾಗುತ್ತಿತ್ತು.

"ಗಂಜಿಯಲ್ಲಿ ಕಲ್ಲು ಬಿಟ್ಟ ಪಾಪಿ ಸೆರ್ಪಿನಳ ಮನಸ್ಸು ತಿರುಗಲಿ ಎಂದು ಬೇಡೋಣ!"

ರೇಶನ್ ಅಕ್ಕಿಯಲ್ಲಿ ಅರ್ಧ ಕಲ್ಲೇ ಇದ್ದರೆ ಅವಳೇನು ಮಾಡಿಯಾಳು? ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದ ಪಾಪ, ಇನ್ನೊಂದು ದಿನ ಎದುರುತ್ತರದ ಪಾಪ. ದೇವರ ಮುಂದೆ ಜಗಳವಾಡಬಾರದೆಂದು ಅವಳು ಹಲ್ಲು ಕಚ್ಚಿ ಆಮೆನ್ ಅನ್ನುತ್ತಿದ್ದಳು. ಅವರ ಕೊಂಕಣಿ ಪ್ರಾರ್ಥನೆಯ ಅರ್ಥ ತಿಳಿಯದ, ಮೀನು ಮಾರುವ ಜಲಜ ಒಮ್ಮೆ ಹೊಟ್ಟೆಕಿಚ್ಚಿನಿಂದಲೇ ಕೇಳಿದಳು, "ನಿಮ್ಮನಿ ಪ್ರಾರ್ಥನಿ ಒಳ್ಗೆ ದಿನಾ ನಿಮ್ದೇ ಹೆಸ್ರ್ ಬತ್ತ್ ಅಲ್ದಾ! ಎಂತ ಪುಣ್ಯ ಮರಾಯ್ರೆ!"

ಆ ಪುಣ್ಯವನ್ನು ಸೆರ್ಪಿನ್ ಸಹಿಸಿಕೊಂಡದ್ದು ಬೆಸಾಂವಿಗಾಗಿ. ತೇರ್ಸ್ ಮುಗಿದೊಡನೆ ಮಕ್ಕಳು ಕೈ ಮುಗಿದು ಹಿರಿಯರ ಆಶೀರ್ವಾದ ಕೇಳುವ ಕ್ರಮ ಅದು. ಮಗುವಿನ ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಎಂದಾಗ ಅವಳ ದಿನದ ಸಂಕಟವೆಲ್ಲ ಇಳಿಯುತ್ತಿತ್ತು.

ಒಂದು ಸಂಜೆ ಕಿರಿಯವಳು ಕಾರ್ಮಿನ್ ಅಪ್ಪನ ಬೆಸಾಂವ್ ಪಡೆದು, ಅಮ್ಮನನ್ನು ದಾಟಿ ಸೀದಾ ಊಟಕ್ಕೆ ನಡೆದಳು.

"ಏ ಮಗಾ, ನನ್ಹತ್ರ ಕೇಂಬುದಿಲ್ಯಾ?"

"ನೀ ಪಾಪಿ ಅಲ್ದಾ ಮಾಂಯ್? ಪಾಪಿ ಕೈಯಿಂದ ಬೆಸಾಂವ್ ತಕಂಬುಕಾಗ."

ಮಗುವಿನ ಮುಖದಲ್ಲಿ ತುಂಟತನವಿರಲಿಲ್ಲ. ಪಾಪ, ಕಲಿಸಿದ್ದನ್ನು ಕಲಿತಿತ್ತು. ಸೆರ್ಪಿನಳ ಎದೆ ಉರಿದುಹೋಯಿತು. ಲಾದ್ರು ಮೀಸೆಯೊಳಗೆ ನಗುತ್ತಿದ್ದ, ನಾಚಿಕೆಗೆಟ್ಟವನು!

ಮರುದಿನ ಅವನು "ಮೀನು ಕರಕಲು ಮಾಡಿದ ಪಾಪಿ..." ಎಂದು ಶುರುಮಾಡಿದನೋ ಇಲ್ಲವೋ, ಸೆರ್ಪಿನ್ ಜಪಮಾಲೆ ಕೆಳಗಿಟ್ಟಳು.

"ಹ್ವಾಯ್, ಮಕ್ಳ್ ಎದ್ರಿಗೆ ಹೇಳಿ ಕಾಂಬ. ನಾನೊಬ್ಳೇ ಪಾಪಿಯಾ?"

"ತೇರ್ಸ್ ಮಧ್ಯ ಮಾತಾಡುಕಾಗ."

"ದಿನಾ ಮಾತಾಡುದ್ ಯಾರ್?"

ಬೀದಿಗೆ ಕೇಳುವ ಸ್ವರ ಈಗ ಮೀಸೆಯೊಳಗೇ ಉಳಿಯಿತು. "ನಾವೆಲ್ಲ ಪಾಪಿಗಳೇ," ಎಂದು ಗೊಣಗಿದ.

"ಹಂಗಾರೆ ಇವತ್ ನಿಮ್ ಹೆಸ್ರ್ ಹೇಳಿ."

ಅಯ್ಯೋ, ಊರವರ ಪಾಪವನ್ನೆಲ್ಲ ಬಲ್ಲವನಿಗೆ ತನ್ನ ಹೆಸರೇ ಬಾಯಿಗೆ ಬರಲಿಲ್ಲ! "ಮುಗೀತ್, ಮುಗೀತ್!" ಎಂದು ಅವಸರದಿಂದ ಶಿಲುಬೆಯ ಗುರುತು ಹಾಕಿ ಎದ್ದ.

ಕಾರ್ಮಿನ್ ಕೈ ಮುಗಿದು ನಡುವೆ ನಿಂತಳು. ಅಪ್ಪನೂ ಪಾಪಿಯಂತೆ. ಯಾರ ಹತ್ತಿರ ಹೋಗುವುದು? ಅವಳು ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. ಗೆದ್ದೆನೆಂದುಕೊಂಡಿದ್ದ ಸೆರ್ಪಿನ್ ಆ ಮುಖ ನೋಡಿ ಗೆಲುವನ್ನೇ ಮರೆತಳು. ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿ, ಕೇಳುವ ಮೊದಲೇ ತಲೆಯ ಮೇಲೆ ಕೈಯಿಟ್ಟಳು.

"ದೇವ್ ಬರೆಂ ಕರುಂ. ಪಾಪಿ ಕೊಟ್ಟದ್ದೇ, ತಕೊ ಮಗಾ."

ಕಾರ್ಮಿನ್ ಅಮ್ಮನ ಕೊರಳು ತಬ್ಬಿ ಹಾಗೇ ಕುಳಿತಳು. ಲಾದ್ರು ಆಶೀರ್ವದಿಸಲೆಂದು ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ತಲೆಯನ್ನೇ ಕೆರೆದುಕೊಂಡ.