ಅವ್ವ ತೋರಿಸಿದ ಹೆಂಚಿನ ಮನೆ

ಗೆಳೆಯರೇ, ಬ್ಲಾಕ್ ಆಫೀಸಿನ ಜೀಪು ಈಗಷ್ಟೇ ಸಂಪಾಜೆ ಕಡೆಗೆ ಇಳಿಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಸರ್ಕಾರಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆ. ಬೇರೆ ಮನೆ ಇದ್ದವರಿಗೆ ಆ ಸಾಲವಿಲ್ಲ. ನಮ್ಮದು ಮಣ್ಣಿನ ಗುಡಿಸಲು. ಕಳೆದ ಮಳೆಗಾಲದಲ್ಲಿ ಹಿಂದಿನ ಗೋಡೆ ಬಾಯಿ ಬಿಟ್ಟಿದೆ. ಅದರ ಬುಡದಲ್ಲೇ ಮಕ್ಕಳು ಮಲಗುವುದು.

ನೋಡಲು ಬಂದ ಸಾಹೇಬರು ಬಿರುಕಿಗೆ ಕೈ ತೂರಿಸಿದರು. ಅವರ ಮುಖ ಸಪ್ಪಗಾಯಿತು. ಸಾಲ ಸಿಕ್ಕಿತು ಅಂದುಕೊಂಡೆ. ಆಗ ಅವರು ನನ್ನ ಅವ್ವನನ್ನು ಕೇಳಿದರು, "ಅಜ್ಜಿ, ನಿಮಗೆ ಬೇರೆ ಮನೆ ಇಲ್ಲ ತಾನೇ?"

ಪರಸ್ಥಳದವರ ಎದುರು ಮನೆಯಿಲ್ಲ ಅನ್ನುವುದುಂಟೇ! ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು ಬಿರುಕಿನತ್ತ ಕೈ ತೋರಿಸಿದಳು. "ಯಾಕಿಲ್ಲೆ ಸಾರ್? ನಮ್ಮ ಐನ್‌ಮನೆ ಉಟ್ಟಲ್ಲಾ! ಇಲ್ಲಿಂದ್ಲೇ ನೋಡಿ, ದೊಡ್ಡ ಹೆಂಚಿನ ಮನೆ." ಸಾಹೇಬರು ಬಿರುಕಿಗೆ ಕಣ್ಣಿಟ್ಟು ನೋಡಿದರು.

ಐನ್‌ಮನೆ ಅಂದರೆ ಕುಟುಂಬದ ಮೂಲ ಮನೆ. ಹಬ್ಬಕ್ಕೆ ಎಲ್ಲರೂ ಹೋಗಿ, ದೀಪಕ್ಕೆ ಕೈಮುಗಿದು, ಉಂಡು ಬರುತ್ತೇವೆ. ಮಲಗಲು ನಮಗಲ್ಲಿ ಒಂದು ಮೂಲೆಯೂ ಇಲ್ಲ.

"ಅದು ಇಡೀ ಕುಟುಂಬದ್ದು ಸಾರ್," ಎಂದೆ.

"ನೀವೂ ಆ ಕುಟುಂಬದವರೇ ಅಲ್ವೇನ್ರೀ? ಆಫೀಸಲ್ಲಿ ಕೇಳಿ ಹೇಳ್ತೀನಿ," ಎಂದು ಜೀಪು ಹತ್ತಿದರು.

ಅವ್ವನಿಗೆ ಮಾತ್ರ ಖುಷಿ. ಐನ್‌ಮನೆ ಅವರಿಗೆ ಚೆನ್ನಾಗಿ ಕಂಡಿತೋ ಇಲ್ಲವೋ ಎಂದು ಕೇಳುತ್ತಿದ್ದಾಳೆ. ಸದ್ಯಕ್ಕೆ ಬಿರುಕಿನಲ್ಲಿ ಅರ್ಧ ಕಾಣುತ್ತದೆ ಅವ್ವಾ. ಈ ಮಳೆಗಾಲದಲ್ಲಿ ಪೂರ್ತಿ ಕಾಣುತ್ತದೆ.