ಹುಳ ಮುಟ್ಟದ ಪುಸ್ತಕ

ಅವರ ಬಲಗೈ ಹೆಬ್ಬೆರಳಿನ ಉಗುರು ಹಸಿರುನೀಲಿಯಾಗಿತ್ತು. ಎಷ್ಟು ತಿಕ್ಕಿದರೂ ಹೋಗದ ಬಣ್ಣ. ಶಿರಸಿಯ ಕಚೇರಿಗಳ ದಫ್ತರಗಳಿಗೆ ರಟ್ಟು ಕಟ್ಟುವಾಗ, ಹುಳ ಹಿಡಿಯಬಾರದೆಂದು ಅಂಟಿಗೆ ಮೈಲುತುತ್ತು ಬೆರೆಸುತ್ತಿದ್ದರು. ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಅದೇ ವಿಷ. ನಾವು ಬಾಡಿಗೆಗಿದ್ದ ಮನೆಯ ಎದುರೇ ಅವರ ಅಂಗಡಿ. ಊರಿಗೆಲ್ಲ ಅವರು ಬೈಂಡಿಂಗ್ ಚಾಚಾ.

ಮೂವತ್ತರ ದಶಕದ ಮಾತು. ದೊಡ್ಡವರಿಗೇ ಪುಸ್ತಕ ಅಪರೂಪವಾಗಿದ್ದ ಕಾಲದಲ್ಲಿ ಚಾಚಾ ಅಂಬೆಗಾಲಿಡುವ ಕೂಸುಗಳಿಗೆ ಪುಸ್ತಕ ಮಾಡುತ್ತಿದ್ದರು! ಕಾಗದದ ಮೇಲೆ ಕಾಗದ ಅಂಟಿಸಿ, ಒತ್ತಿ, ದೋಸೆಯಷ್ಟು ದಪ್ಪದ ಹಾಳೆ. ಮೂಲೆಗಳನ್ನು ಒರಟು ಗರಗತ್ತಿ ಎಲೆಯಿಂದ ಉಜ್ಜಿ ನುಣುಪು ಮಾಡಿ, ಚುಚ್ಚುತ್ತದೆಯೇ ಎಂದು ತಮ್ಮ ಕಣ್ಣಿನ ರೆಪ್ಪೆಗೇ ತಾಗಿಸಿ ನೋಡುವರು. ಅರಿಸಿನ, ದೀಪದ ಕಾಡಿಗೆ, ಬಸಳೆ ಹಣ್ಣಿನ ಬಣ್ಣ. ಒಂದು ಹಾಳೆಗೆ ಒಂದೇ ಚಿತ್ರ, ಅಕ್ಷರವಿಲ್ಲ. ಹಸು ಯಾವಾಗಲೂ ಎದುರಿಗೇ ಮುಖ ಮಾಡಿ ನಿಂತಿರುತ್ತಿತ್ತು.

"ಹಸು ಕೂಸನ್ನ ನೋಡ್ಬೇಕು ಬೇಟಿ. ಆಗ್ಲೇ ಕೂಸು ಹಸುನ್ನ ನೋಡ್ತದೆ" ಎನ್ನುವರು.

ಈ ಪುಸ್ತಕಗಳಿಗೆ ಬೇರೆಯೇ ಮಡಕೆ, ಬರೀ ಅಕ್ಕಿಹಿಟ್ಟಿನ ಅಂಟು. ಮಳೆಗಾಲ ಮುಗಿಯುವುದರೊಳಗೆ ಹುಳ ತಿಂದು ಜರಡಿ ಮಾಡಿಬಿಡುತ್ತಿತ್ತು. ಯಾರಾದರೂ ಗೊಣಗಿದರೆ, "ಹುಳ ತಿನ್ನೋ ಪುಸ್ತಕಾನೇ ಕೂಸಿನ ಬಾಯಿಗೆ ಸರಿ. ಇದು ಹೋದ್ರೆ ಮತ್ತೊಂದು ಮಾಡ್ತೇನೆ" ಎಂದು ನಗುವರು. ನಮ್ಮತ್ತೆಗೆ ಬೇರೆಯೇ ತಕರಾರು. ಬೇಯಿಸಿದ ಅಂಟು ಮುಸುರೆಯಂತೆ, ಪುಸ್ತಕ ಜಗುಲಿ ದಾಟಿ ಒಳಗೆ ಬರಕೂಡದಂತೆ. ಅಯ್ಯೋ, ಆ ಮಡಿಯೇ!

ನನ್ನ ಮಗಳು ಅಂಬೆಗಾಲಿಡುತ್ತಿದ್ದ ವರ್ಷ, ಆಷಾಢದಲ್ಲಿ ಊರಿಗೆಲ್ಲ ಚಳಿಜ್ವರ. ಚಾಚಾರನ್ನೂ ಬಿಡಲಿಲ್ಲ. ನಡುಗುತ್ತಲೇ ಎರಡು ಪುಸ್ತಕ ಮುಗಿಸಿದರು. ಒಂದು ನನ್ನ ಮಗಳಿಗೆ, ಇನ್ನೊಂದು ಯಲ್ಲಾಪುರದ ಒಂದು ಕೂಸಿನ ಮೊದಲ ಹುಟ್ಟುಹಬ್ಬಕ್ಕೆ.

ಮಗಳು ಆ ಪುಸ್ತಕವನ್ನು ಬಾಯಿಂದ ಬಿಟ್ಟರೆ ಕೇಳಿ. ಕೆಲವು ದಿನಕ್ಕೆ ವಾಂತಿ ಶುರುವಾಯಿತು. "ಹಲ್ಲು ಬಪ್ಪ ಹೊತ್ತು, ಎಂತೂ ಆಗ್ತಿಲ್ಲೆ ಬಿಡು" ಎಂದು ಅತ್ತೆ ದೃಷ್ಟಿ ತೆಗೆದರು. ಕೂಸು ಮಾತ್ರ ದಿನದಿನಕ್ಕೆ ಬಾಡುತ್ತಿತ್ತು.

ಜ್ವರ ಬಿಟ್ಟ ಒಂದು ಬೆಳಿಗ್ಗೆ ಚಾಚಾ ಕಂಬಳಿ ಹೊದ್ದು ಕೂಸನ್ನು ನೋಡಲು ಬಂದರು. ನಾನು ಹೊಗಳಿಯೇ ಹೇಳಿದೆ, "ಪಂಚಾಂಗನೂ ಹುಳ ತಿಂದು ಹಾಕ್ಚು ಚಾಚಾ. ನಿಮ್ಮ ಪುಸ್ತಕಕ್ಕೆ ಮಾತ್ರ ಒಂದು ತೂತೂ ಇಲ್ಲೆ."

ಚಾಚಾ ಕಂಬಳಿ ಸರಿಸಿ ಮುಂದೆ ಬಂದರು.

"ಹುಳ ಯಾಕೆ ಮುಟ್ಟಿಲ್ಲ?"

ಪುಸ್ತಕ ಕಸಿದುಕೊಂಡು ಅದರ ಮೂಲೆ ನಾಲಿಗೆಗೆ ಹಚ್ಚಿದರು. ಥೂ ಎಂದು ಉಗಿದರು. "ಜ್ವರದಾಗೆ ಕೂತಿದ್ದೆ ಬೇಟಿ. ಯಾವ ಮಡಕೆಗೆ ಕೈ ಹಾಕಿದ್ನೋ! ನಾನೇ ಕೂಸಿಗೆ ವಿಷ ತಿನ್ನಿಸಿಬಿಟ್ಟೆ."

ನಾನು ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಹಿಂತಿರುಗಿ ನೋಡಿದಾಗ ಅವರು ಮಳೆಯಲ್ಲೇ ಯಲ್ಲಾಪುರದ ಕಡೆಯ ಸಾಮಾನಿನ ಗಾಡಿ ಹತ್ತುತ್ತಿದ್ದರು. ನಿಲ್ಲಿಸಬೇಕೆಂದು ನನಗೂ ಅನ್ನಿಸಲಿಲ್ಲ. ಅಲ್ಲಿಯೂ ಒಂದು ಕೂಸಿತ್ತಲ್ಲ.

ಮುಂದಿನದನ್ನು ಗಾಡಿಯವನು ಬಂದು ಹೇಳಿದ. ದಾರಿಯಲ್ಲೇ ಜ್ವರ ಮರಳಿ ಏರಿತಂತೆ. ಆ ಮನೆಯ ಅಂಗಳದಲ್ಲಿ ನಿಂತು, "ಪುಸ್ತಕ ಕೂಸಿಗೆ ಕೊಟ್ರಾ?" ಎಂದು ಕೂಗಿದರಂತೆ. ಮನೆಯವರು ಹುಟ್ಟುಹಬ್ಬಕ್ಕೆಂದು ಪೆಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದರಂತೆ. ಚಾಚಾ ಅದನ್ನು ಒಲೆಗೆ ಹಾಕಿಸಿ, ಸುಟ್ಟು ಬೂದಿಯಾಗುವವರೆಗೆ ನೋಡಿ, ಮೆಟ್ಟಿಲ ಮೇಲೆ ಕೂತರು. ಮತ್ತೆ ಏಳಲಿಲ್ಲ. "ಶಿರಸಿ ಕೂಸು ಹೋಯ್ತು, ನಾನೇ ಕೊಂದೆ" ಎಂದು ಕನವರಿಸುತ್ತಲೇ ಮಾರನೆಯ ಸಂಜೆ ಕಣ್ಣು ಮುಚ್ಚಿದರಂತೆ.

ಅದೇ ಸಂಜೆ ಇಲ್ಲಿ ನನ್ನ ಮಗಳು ವಾಂತಿ ನಿಂತು, ನನ್ನ ತೊಡೆಯ ಮೇಲೆ ಕೂತು ಬಟ್ಟಲು ತುಂಬ ಗಂಜಿ ಕುಡಿದಿದ್ದಳು. ಅವರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.